ಓರಗಿತ್ತಿಗೆ ಬಂದ ಬಸವನಹುಳುವಿನ ಬಿರುದು

ನಮ್ಮ ಓರಗಿತ್ತಿಗೆ ದೊಡ್ಡದೊಂದು ಪ್ರಶಸ್ತಿ ಬಂದಿದೆ ಎಂದು ನಾನು ಹೇಳಿದರೆ, ದಯವಿಟ್ಟು 'ಯಾವುದಕ್ಕೆ?' ಎಂದು ಕೇಳಬೇಡಿ. ಕೇಳಿದರೆ ನಿಜ ಹೇಳಬೇಕಾಗುತ್ತದೆ. ನಿಜ ಹೇಳಿದರೆ ನನಗೆ ಹೊಟ್ಟೆಕಿಚ್ಚು ಎನ್ನುತ್ತೀರಿ. ಕೇಳಿಯೇಬಿಟ್ಟಿರಾ? ಸರಿ ಹಾಗಾದರೆ. ಅದು ಬಂದದ್ದು ಬಸವನಹುಳುವಿನ ಲೋಳೆಗೆ! ಮಳೆಗಾಲದಲ್ಲಿ ಬಚ್ಚಲ ಗೋಡೆಯ ಮೇಲೆ ಬೆಳ್ಳಗೆ ಹೊಳೆಯುವ ಗೆರೆ ಎಳೆದು ಹೋಗುತ್ತದಲ್ಲ, ನಾವೆಲ್ಲ ತೆಂಗಿನ ನಾರು ಹಿಡಿದು ಬೈದುಕೊಂಡು ತಿಕ್ಕುತ್ತೇವಲ್ಲ, ಅದೇ ಲೋಳೆ. ಆಯುಷ್ಯವೆಲ್ಲ ಅದನ್ನು ತಿಕ್ಕಿ ತೊಳೆದವಳು ನಾನು. ಅದಕ್ಕೆ ಪ್ರಶಸ್ತಿ ತೆಗೆದುಕೊಂಡವಳು ಅವಳು. ಈಗ ನೀವೇ ಹೇಳಿ, ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೆ?

ನನ್ನ ಹೊಟ್ಟೆಕಿಚ್ಚಿಗೆ ಹಿನ್ನೆಲೆ ಇದೆ. ನಾನು ಟಿ. ನರಸೀಪುರದ ಹುಡುಗಿ. ಬಿ.ಎಸ್ಸಿ. ಓದಿದವಳು. ಅದೂ ಫಿಸಿಕ್ಸ್ ತೆಗೆದುಕೊಂಡು, ಅದೂ ಫಸ್ಟ್ ಕ್ಲಾಸಿನಲ್ಲಿ! ರಿಸಲ್ಟು ಬಂದ ತಿಂಗಳಲ್ಲೇ ನಂಜನಗೂಡಿನ ಹಿಂಡಿ-ಬೂಸಾ ಅಂಗಡಿಯವರ ಮನೆಗೆ ಹಿರಿಸೊಸೆಯಾಗಿ ಬಂದೆ. ಆಗ ನಮ್ಮ ಬೀದಿಯಲ್ಲಿ ಡಿಗ್ರಿ ಓದಿದ ಸೊಸೆ ಇನ್ನೊಬ್ಬಳಿರಲಿಲ್ಲ. "ನಮ್ ದೊಡ್ ಸೊಸೆ ಬಿಯೆಸ್ಸಿ ಓದವ್ಳೆ ಕನವ್ವ" ಎಂದು ನಮ್ಮತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಯಾರ ಮನೆಗೆ ಕರೆಂಟು ಬಿಲ್ಲು ಜಾಸ್ತಿ ಬರಲಿ, ಯಾರ ಮಾತ್ರೆಯ ಚೀಟಿ ಓದಬೇಕಾಗಲಿ, ಎಲ್ಲರೂ ನನ್ನ ಹತ್ತಿರವೇ ಬರಬೇಕು. ಬೂಸಾ ಮೂಟೆಗಳ ನಡುವೆ ನಾನು ಹಾಗೆ ಮಹಾರಾಣಿಯಂತೆ ಇದ್ದೆ. ಎಲ್ಲಿಯವರೆಗೆ? ನನ್ನ ಮೈದುನ ರೈಲು ಹತ್ತುವವರೆಗೆ.

ಮೈದುನ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದಲ್ಲಿದ್ದ. ಒಂದು ರಜೆಯ ದಿನ ಮೈಸೂರಿಗೆ ಹೋಗಲು ರೈಲು ಹತ್ತಿದ. ಆಗಿನ್ನೂ ಆ ಹಳೆಯ ಸಣ್ಣ ಗೇಜಿನ ರೈಲು; ಇಳಿದು ಕಡಲೆಕಾಯಿ ಕೊಂಡು ಮತ್ತೆ ಹತ್ತಬಹುದಾದಷ್ಟು ಅದರ ವೇಗ. ಎದುರು ಸೀಟಿನ ಹುಡುಗಿ ಇದ್ದಕ್ಕಿದ್ದಂತೆ ನೆಲಕ್ಕೆ ಕೂತು ಎಲ್ಲರ ಕಾಲ ಸಂದಿಯಲ್ಲಿ ಏನೋ ತಡಕತೊಡಗಿದಳಂತೆ. ಇವನು "ಓಲೆ ಬಿತ್ತಾ ಮೇಡಂ?" ಎಂದು ಕೇಳಿದ. ಅವಳು "ಇಲ್ಲ, ಬಸವನಹುಳು" ಎಂದಳು. ನಂಜನಗೂಡಿನ ಬಾಳೆ ತೋಟಗಳಲ್ಲಿ ಒಳ್ಳೆಯ ಹುಳುಗಳು ಸಿಗುತ್ತವೆಂದು ಮೈಸೂರಿನ ಯಾವುದೋ ಲ್ಯಾಬಿನಿಂದ ಬಂದು ಡಬ್ಬಿ ತುಂಬಿಕೊಂಡು ಹೋಗುತ್ತಿದ್ದವಳಂತೆ ಅವಳು. ನನ್ನ ಮೈದುನ ಹುಳುವನ್ನು ಹುಡುಕಿಕೊಟ್ಟ. ಅಷ್ಟೇ ಪ್ರೇಮಕಥೆ! ಇಷ್ಟು ನಿಧಾನದ ರೈಲಿನಲ್ಲಿ ಇಷ್ಟು ಬೇಗ ಪ್ರೇಮ ಹುಟ್ಟಿದ್ದನ್ನು ನಾನಂತೂ ಬೇರೆ ಕಡೆ ಕೇಳಿಲ್ಲ.

ಹುಡುಗಿ ನಮ್ಮ ಪೈಕಿಯವಳೇ. ತಾಯಿ ಇಲ್ಲ, ಚಿಕ್ಕಂದಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು. ಹೆಣ್ಣು ನೋಡಲು ಹೋದಾಗ ನಮ್ಮತ್ತೆ ಕೇಳಬೇಕಾದ್ದನ್ನು ಕೇಳಿದರು.

"ಅಡ್ಗೆಗಿಡ್ಗೆ ಮಾಡಾಕ್ ಬತ್ತದಾ ಮಗ?"

"ಅಗಾರ್ ಮಾಡ್ತೀನಿ" ಎಂದಳು ಹುಡುಗಿ, ತಲೆ ತಗ್ಗಿಸಿಕೊಂಡು.

ಅಗಾರ್ ಎಂದರೆ ಲ್ಯಾಬಿನಲ್ಲಿ ತಟ್ಟೆಗೆ ಹೊಯ್ದು ಗಟ್ಟಿ ಮಾಡುವ ಅಂಟು. ಅದರ ಮೇಲೆ ಅವಳು ಹುಳು ನಡೆಸುತ್ತಿದ್ದಳು! ಬಿ.ಎಸ್ಸಿ. ಓದಿದ ನನಗೆ ಅದು ಗೊತ್ತಿತ್ತು. ಅತ್ತೆಗೆ ಎಲ್ಲಿ ಗೊತ್ತಿರಬೇಕು? ಮನೆಗೆ ಬಂದವರೇ ಬೀದಿಗೆಲ್ಲ ಹೇಳಿದರು: "ಚಿಕ್ ಸೊಸೆ ಅಗಾರ ಪಸಂದಾಗಿ ಮಾಡ್ತಾಳಂತೆ." ಮದುವೆಯಾಗಿ ಬಂದ ಮೇಲೆ ಮೊದಲ ಹಬ್ಬಕ್ಕೆ ಅಗಾರ ಆಗಲೇಬೇಕೆಂದು ಹಟ ಹಿಡಿದರು. ಅವಳೂ ಮಾಡಿದಳು. ಒಂದು ತಟ್ಟೆಯ ತುಂಬ ನೀರಿನ ಬಣ್ಣದ್ದು, ನಡುಗುವಂಥದ್ದು. ಸಕ್ಕರೆ ಹಾಕಬೇಕೆಂದು ಅವಳ ಯಾವ ಪುಸ್ತಕದಲ್ಲೂ ಇರಲಿಲ್ಲವಂತೆ! ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸೂರು ನೋಡಿದರು. ಆಮೇಲೆ "ತಂಪಾಗದೆ ಕನವ್ವ" ಎಂದರು. ಸಾರಿಗೆ ನಾನು ಒಂದು ಚಿಟಿಕೆ ಉಪ್ಪು ಮರೆತರೆ ಇದೇ ಬಾಯಿ ಏನನ್ನುತ್ತಿತ್ತು ಎಂಬುದನ್ನು ನಾನು ಬರೆಯುವುದಿಲ್ಲ. ನಮ್ಮ ಪಕ್ಕದ ಮನೆಯವರನ್ನು ಕೇಳಿ, ಅವರಿಗೆ ಬಾಯಿಪಾಠವಾಗಿದೆ.

ಅವಳ ಹಿಂದೆಯೇ ಹುಳುಗಳೂ ಬಂದವು. ಬಚ್ಚಲ ಹಿಂದಿನ ತೊಟ್ಟಿಯಲ್ಲಿ ಎಲೆಕೋಸಿನ ಸಿಪ್ಪೆ ತಿನ್ನುತ್ತ ಸಂಸಾರ ಹೂಡಿದವು. ಇದೊಂದು ವಿಷಯದಲ್ಲಿ ಅತ್ತೆ ನನ್ನ ಕಡೆಗೇ ಇರುತ್ತಾರೆ, ಮಡಿಯ ಮನೆಯಲ್ಲವೇ, ಎಂದುಕೊಂಡು ನಾನು ಚಾಡಿ ಹೇಳಲು ಹೋದೆ.

"ಅತ್ತೆ, ಮನೇಲಿ ಹುಳ ಸಾಕವ್ಳಲ್ಲ, ನೋಡಿದ್ರಾ?"

"ಯಾವ ಉಳ?"

"ಬಸವನಹುಳ."

"ಬಸಪ್ಪನ ಎಸ್ರು ಇಟ್ಕಂಡಿರೋ ಪ್ರಾಣಿ ಕನೇ ಅದು! ನಂಜುಂಡಪ್ಪನ ಊರಲ್ಲಿ ಕೂತ್ಕಂಡು ಬಸ್ವನ ಆಚೆಗಾಕು ಅಂದೀಯಲ್ಲ, ನಾಲ್ಗೆ ಬಿದ್ದೋಗದಾ?" ಎಂದು ನನ್ನನ್ನೇ ಜಾಡಿಸಿದರು. ಅಂದಿನಿಂದ ದೇವರ ಮನೆಯ ಬಾಳೆಹಣ್ಣಿನ ಸಿಪ್ಪೆ ನೇರವಾಗಿ ಆ ತೊಟ್ಟಿಗೆ ಹೋಗತೊಡಗಿತು. ಅದಕ್ಕೆ ಮೊದಲು ಅದು ನನ್ನ ಗುಲಾಬಿ ಗಿಡದ ಬುಡಕ್ಕೆ ಹೋಗುತ್ತಿತ್ತು ಎಂಬುದನ್ನು ಇಲ್ಲಿ ದಾಖಲಿಸಬಯಸುತ್ತೇನೆ.

ಗೌರಿ ಹಬ್ಬದ ಕತೆ ಕೇಳಿ. ಬಾಗಿನ ಕೊಡಲು ಮುತ್ತೈದೆಯರು ಬರುವ ಹೊತ್ತು. ನಾನು ಒಳಗೆ ಹೋಳಿಗೆಗೆ ಕಣಕ ನಾದುತ್ತಿದ್ದೆ. ಹೊರಗೆ ಬಂದು ನೋಡುತ್ತೇನೆ, ಗೋಡೆಯ ಮೇಲಿನ ನನ್ನ ಮದುವೆ ಫೋಟೋಕ್ಕೆ ಗಾಜೇ ಇಲ್ಲ! ಗಂಡ ಹೆಂಡಿರಿಬ್ಬರೂ ಮೇಲುಹೊದಿಕೆ ಇಲ್ಲದೆ ನಿಂತಿದ್ದೇವೆ, ನಮ್ಮವರ ಮೂಗಿನ ಮೇಲೆ ಆಗಲೇ ಒಂದು ನೊಣ ಕೂತಿದೆ. ಗಾಜು ಎಲ್ಲಿ? ನಡುಮನೆಯಲ್ಲಿ ಎರಡು ಸ್ಟೂಲುಗಳ ಮೇಲೆ ಅಡ್ಡಲಾಗಿ ಮಲಗಿತ್ತು. ಗಾಜಿನ ಮೇಲೆ ಬಸವನಹುಳು. ಗಾಜಿನ ಕೆಳಗೆ, ಹೊಸ ರೇಷ್ಮೆ ಸೀರೆಯುಟ್ಟು, ನೆಲದ ಮೇಲೆ ಅಂಗಾತ ಮಲಗಿ, ಕಣ್ಣಿಗೊಂದು ಭೂತಗನ್ನಡಿ ಹಿಡಿದ ನಮ್ಮ ಓರಗಿತ್ತಿ! ಹುಳುವಿನ ಅಂಗಾಲನ್ನು ಕೆಳಗಿನಿಂದ ನೋಡಬೇಕಂತೆ. ಅದು ನಡೆಯುವಾಗ ಅಂಗಾಲಿನಲ್ಲಿ ಅಲೆಗಳು ಏಳುತ್ತವಂತೆ.

ಅಷ್ಟರಲ್ಲಿ ಮುತ್ತೈದೆಯರು ಒಳಗೆ ಬಂದೇಬಿಟ್ಟರು. ಬಂದವರಲ್ಲಿ ಹಿರಿಯರೊಬ್ಬರು ಎದೆ ಹಿಡಿದುಕೊಂಡು, "ಅಯ್ಯೋ! ಯಾನಾಯ್ತವ್ವ ನಿಮ್ ಚಿಕ್ ಸೊಸೆಗೆ?" ಎಂದರು.

ಅತ್ತೆ ಕಣ್ಣು ಮಿಟುಕಿಸಲಿಲ್ಲ. "ಯಾನೂ ಇಲ್ಲ ಕನಕ್ಕ. ಅವಳ್ದೊಂದು ವರ್ತ ಅದು. ಬಸಪ್ಪ ದಾಟಗಂಟ ಮ್ಯಾಕ್ಕೆ ಏಳಂಗಿಲ್ಲ."

ಆ ಹಿರಿಯರು ಭಕ್ತಿಯಿಂದ ಗಾಜಿನ ಮೇಲೆ ಒಂದು ಸೇವಂತಿಗೆ ಇಟ್ಟು ಕೈಮುಗಿದರು. ಹುಳು ಸೇವಂತಿಗೆಯನ್ನು ತಿಂದಿತು. ಬಂದವರೆಲ್ಲ ಗಲ್ಲ ಗಲ್ಲ ಬಡಿದುಕೊಂಡರು. ಆ ವರ್ಷ ನನ್ನ ಹೋಳಿಗೆಯ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ಕೇಳಿ! ಫೋಟೋದ ಗಾಜಿನ ಬಗ್ಗೆ ನಾನು ತಕರಾರು ತೆಗೆದರೆ ಅತ್ತೆ, "ನಿನ್ ಮೊಕ ದಿನಾ ನೋಡ್ತೀವಿ, ಅದ್ಕೆ ಗಾಜ್ ಯಾಕವ್ವ?" ಎಂದರು.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆನೋ ಏನೋ. ನಮ್ಮ ಯಜಮಾನರನ್ನು ನೋಡಿ, ಅವರಿಗೆ ಅವಳನ್ನು ಕಂಡರೆ ಯಾವ ಉರಿಯೂ ಇಲ್ಲ. ಯಾಕೆಂದರೆ ಅವರಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದವರಿಗೆ ಹೊಟ್ಟೆಕಿಚ್ಚು ಎಲ್ಲಿಂದ ಬರಬೇಕು? ನನ್ನ ಗ್ರಹಚಾರ, ನನಗೆ ಅರ್ಥವಾಗುತ್ತಿತ್ತು!

ಒಂದು ಸಂಜೆ ನಾನು ಸೊಪ್ಪು ಬಿಡಿಸುತ್ತಿದ್ದೆ. ಅವಳು ಪಕ್ಕದಲ್ಲಿ ಬಂದು ಕೂತು, ಸಹಾಯ ಮಾಡುತ್ತೇನೆಂದು ಸೊಪ್ಪನ್ನು ಕಸದ ಬುಟ್ಟಿಗೂ ಕಡ್ಡಿಯನ್ನು ಪಾತ್ರೆಗೂ ಹಾಕುತ್ತ ಹೇಳಿದಳು: "ಅಕ್ಕ, ಅದಕ್ಕೆ ಇರೋದು ಒಂದೇ ಕಾಲು. ನಡೆಯೋದು ಅಂಟಿನ ಮೇಲೆ. ಗೋಡೆಯಿಂದ ಬೀಳಬಾರದು ಅಂದ್ರೆ ಅಂಟು ಗಟ್ಟಿಯಾಗಿರ್ಬೇಕು. ಮುಂದೆ ಹೋಗ್ಬೇಕು ಅಂದ್ರೆ ಅಂಟು ಬಿಡ್ಬೇಕು. ಎರಡೂ ಒಂದೇ ಸಲ ಹೇಗಕ್ಕ?"

ನನ್ನ ಕೈ ನಿಂತುಬಿಟ್ಟಿತು. ನಿಜವಲ್ಲ! ಇಷ್ಟು ವರ್ಷ ಬಚ್ಚಲ ಗೋಡೆ ತಿಕ್ಕಿದ್ದೇನೆ, ನನಗೇಕೆ ಈ ಪ್ರಶ್ನೆ ಹೊಳೆಯಲಿಲ್ಲ? ಅವಳು ವಿವರಿಸಿದಳು. ಆ ಲೋಳೆ ಸುಮ್ಮನೆ ಇದ್ದರೆ ಗಟ್ಟಿ. ಒಂದು ಮಟ್ಟಕ್ಕಿಂತ ಜೋರಾಗಿ ನೂಕಿದರೆ ನೀರು. ನೂಕುವುದನ್ನು ಬಿಟ್ಟರೆ ಮತ್ತೆ ಗಟ್ಟಿ. ಹುಳು ಅಂಗಾಲಿನಲ್ಲಿ ಅಲೆ ಎಬ್ಬಿಸಿ, ಅಲೆ ಇರುವ ಕಡೆ ಮಾತ್ರ ಅಂಟನ್ನು ನೀರು ಮಾಡಿಕೊಂಡು ಜಾರುತ್ತದೆ. ಉಳಿದ ಕಡೆ ಅಂಟಿಕೊಂಡೇ ಇರುತ್ತದೆ. ಎಷ್ಟು ನೂಕಿದರೆ ಎಷ್ಟು ಬಿಡುತ್ತದೆ ಎಂದು ಅಳೆಯುವುದೇ ಅವಳ ಕೆಲಸ. ಕೇಳುತ್ತ ಕೇಳುತ್ತ ನನಗೆ ಕಾಲೇಜಿನ ಲ್ಯಾಬು, ಮರದ ಬೆಂಚು, ಗಾಜಿನ ಕೊಳವೆ ಎಲ್ಲ ನೆನಪಾಯಿತು. ಆ ಕ್ಷಣ ನನಗಾದ ಹೊಟ್ಟೆಕಿಚ್ಚು ಸಾಮಾನ್ಯದ್ದಲ್ಲ. ಅದು ಫಸ್ಟ್ ಕ್ಲಾಸ್ ಹೊಟ್ಟೆಕಿಚ್ಚು!

ನಾನೂ ಸುಮ್ಮನಿರಲಿಲ್ಲ. ಇವಳಿಗೆ ಒಂದು ವಿದ್ಯೆಯಾದರೆ ನನಗೆ ಇನ್ನೊಂದು. ನನ್ನ ತವರು ನರಸೀಪುರದಲ್ಲಿ ಮಹಿಳಾ ಮಂಡಳಿಯವರು ಸಿಹಿ ತಿನಿಸಿನ ಸ್ಪರ್ಧೆ ಇಟ್ಟಿದ್ದರು. ನಂಜನಗೂಡಿನ ರಸಬಾಳೆಯನ್ನು ಸೀರೆಯ ಗಂಟಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಹಲ್ವ ಮಾಡಿದೆ. ತುಪ್ಪ ಬಿಟ್ಟು ಬಿಟ್ಟು ಕೈ ಸೋತಿತು. ತೀರ್ಪುಗಾರರು ಬೆರಳು ನೆಕ್ಕಿದರು, ಇನ್ನೊಮ್ಮೆ ನೆಕ್ಕಿದರು. ಮೊದಲ ಬಹುಮಾನ ನನಗೇ! ಕೆಂಪು ರಿಬ್ಬನ್ ಕಟ್ಟಿದ, ಮಿರಮಿರ ಮಿಂಚುವ ಸ್ಟೀಲಿನ ಇಡ್ಲಿ ಪಾತ್ರೆ.

ಅದನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಕಪಿಲೆ ಕಂಡಳು. ನಂಜನಗೂಡಿನಲ್ಲಿ ನಮ್ಮ ಕಣ್ಣೆದುರು ಎಷ್ಟು ಠೀವಿಯಿಂದ ಹರಿಯುತ್ತಾಳೆ! ನರಸೀಪುರದ ಸಂಗಮದಲ್ಲಿ ಕಾವೇರಿಗೆ ಸೇರಿದ್ದೇ ತಡ, ಆಮೇಲೆ ಅವಳ ಹೆಸರನ್ನೇ ಯಾರೂ ಎತ್ತುವುದಿಲ್ಲ. ನೀರು ಇವಳದ್ದೂ ಇದೆ, ಹೆಸರೆಲ್ಲ ಅವಳದ್ದು. ಪಾಪ, ಓರಗಿತ್ತಿಯರ ಕಷ್ಟ ಕಪಿಲೆಗೂ ತಪ್ಪಲಿಲ್ಲ, ಆದರೆ ಇವತ್ತು ನನ್ನ ದಿನ ಎಂದುಕೊಂಡೆ.

ಮನೆಯ ಬೀದಿಗೆ ತಿರುಗಿದರೆ ಏನಾಶ್ಚರ್ಯ! ಬಾಗಿಲಲ್ಲಿ ಜನವೋ ಜನ. ಒಬ್ಬರ ಕೈಯಲ್ಲಿ ಹಾರ ಬೇರೆ. ಅಬ್ಬ, ನರಸೀಪುರದಿಂದ ಸುದ್ದಿ ನನ್ನ ಬಸ್ಸಿಗಿಂತ ಮುಂಚೆ ಬಂದಿದೆಯಲ್ಲ, ಯಾರೋ ಎಸ್‌ಟಿಡಿ ಬೂತಿನಿಂದ ಫೋನು ಮಾಡಿರಬೇಕು ಎಂದು ಹಿಗ್ಗಿದೆ. ತಲೆಗೂದಲು ಸರಿಮಾಡಿಕೊಂಡೆ. ರಿಬ್ಬನ್ನು ಎಲ್ಲರಿಗೂ ಕಾಣುವಂತೆ ಪಾತ್ರೆ ತಿರುಗಿಸಿ ಹಿಡಿದುಕೊಂಡೆ. ವಿನಯದ ಒಂದು ನಗುವನ್ನೂ ಸಿದ್ಧಮಾಡಿಕೊಂಡು ಮುಂದೆ ಬಂದೆ. ಹಾರ ಹಿಡಿದವರು ನನ್ನನ್ನು ದಾಟಿಕೊಂಡು ಒಳಗೆ ಹೋದರು.

ಓರಗಿತ್ತಿಗೆ ಪ್ರಶಸ್ತಿ ಬಂದಿತ್ತು. ಜೈವಿಕ ಭೌತವಿಜ್ಞಾನದಲ್ಲಿ ದೊಡ್ಡ ಸಾಧನೆ ಮಾಡಿದವರಿಗೆ ವಿಜ್ಞಾನಿಗಳ ಸಂಘವೊಂದು ಕೊಡುವ ಪ್ರಶಸ್ತಿಯಂತೆ. ಬೆಳಗಿನ ಪೇಪರಿನಲ್ಲಿ ಬಂದಿತ್ತಂತೆ. ನಾನು ಹಲ್ವದ ಗಡಿಬಿಡಿಯಲ್ಲಿ ಪೇಪರು ನೋಡಿರಲಿಲ್ಲ. ಅತ್ತೆ ನನ್ನನ್ನು ಕಂಡವರೇ ಓಡಿ ಬಂದು ಪಾತ್ರೆಯನ್ನು ಕೈಯಿಂದ ಕಿತ್ತುಕೊಂಡರು.

"ಸರ್ಯಾದ್ ಒತ್ಗೇ ತಂದೆ ಕನವ್ವ! ಇಷ್ಟ್ ಜನ ಬಂದವ್ರೆ, ಬಿರ್ ಬಿರ್ನೆ ಇಡ್ಲಿ ಬೇಯ್ಸು."

ನನ್ನ ಬಹುಮಾನದ ಪಾತ್ರೆಯಲ್ಲಿ ಮೊದಲ ಇಡ್ಲಿ ಬೆಂದದ್ದು ಅವಳ ಬಹುಮಾನಕ್ಕೆ! ಇಡ್ಲಿ ಮಲ್ಲಿಗೆಯಂತೆ ಬಂದಿತ್ತು. ಅದೂ ಒಂದು ಸಿಟ್ಟು.

ಬಂದವರಿಗೆ ಆ ಪ್ರಶಸ್ತಿ ಏತಕ್ಕೆಂದು ತಿಳಿಯಬೇಕು. "ಭೌತ ಅಂದ್ರೆ ಭೂತವಾ ಸಾ?" ಎಂದು ಒಬ್ಬರು ನಮ್ಮ ಯಜಮಾನರನ್ನು ಕೇಳಿದರು. ಇವರು "ಇರಬೌದು" ಎಂದುಬಿಟ್ಟರು! ಊರ ತುಂಬ ಬೂಸಾ ಅಂಗಡಿಯವರ ಮನೆಯ ಚಿಕ್ಕ ಸೊಸೆ ಭೂತ ಬಿಡಿಸುತ್ತಾಳೆಂದು ಸುದ್ದಿಯಾಯಿತು. ಮರುದಿನ ಒಬ್ಬಾಕೆ ಮಗುವಿಗೆ ಯಂತ್ರ ಕಟ್ಟಿಸಿಕೊಳ್ಳಲು ಬಂದು ಕೂತಿದ್ದಳು. ಪೇಪರಿನವರೊಬ್ಬರು ಬಂದು ಪ್ರಶ್ನೆ ಕೇಳಿದಾಗ ನಮ್ಮ ಓರಗಿತ್ತಿ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದಳು. ಆತ ಪೆನ್ನನ್ನು ಬಾಯಲ್ಲಿಟ್ಟುಕೊಂಡು ಕಚ್ಚತೊಡಗಿದ. ಕಾಫಿ ಕೊಡಲು ಹೋದ ನನಗೆ ನೋಡಲಾಗಲಿಲ್ಲ.

"ಅಲ್ಲ ಕಣ್ರೀ, ಬೇಕರೀಲಿ ಪಫ್ಸ್ ಜೊತೆ ಸಾಸ್ ಬಾಟ್ಲಿ ಕೊಡ್ತಾರಲ್ಲ, ತಲೆಕೆಳಗು ಮಾಡಿದ್ರೂ ಸಾಸು ಬೀಳಲ್ಲ, ಹೌದಾ? ಜೋರಾಗಿ ಕುಲುಕಿದ್ರೆ ದಬಕ್ಕಂತ ಸೀರೆ ಮೇಲೆ. ಆಮೇಲೆ ಸೀರೆ ಮೇಲೆ ಮತ್ತೆ ಅಲ್ಲಾಡದೆ ಕೂತ್ಕೊಳುತ್ತೆ. ಬಸವನಹುಳ ಅಂಥ ಸಾಸಿನ ಮೇಲೆ ನಡೀತದೆ. ಎಷ್ಟು ಕುಲುಕಿದ್ರೆ ಎಷ್ಟು ಬೀಳುತ್ತೆ ಅಂತ ಇವಳು ಅಳೆದವ್ಳೆ. ಅಷ್ಟೇ."

ಆತನ ಮುಖ ಅರಳಿತು. ಬರಬರನೆ ಬರೆದುಕೊಂಡ. ಮರುದಿನ ಪೇಪರಿನಲ್ಲಿ ಸಾಸ್ ಬಾಟಲಿ ಬಂದಿತ್ತು, ಸೀರೆಯೂ ಬಂದಿತ್ತು. ಆದರೆ ಎಲ್ಲವೂ ನಮ್ಮ ಓರಗಿತ್ತಿಯ ಬಾಯಲ್ಲಿ! 'ಕ್ಲಿಷ್ಟ ವಿಜ್ಞಾನವನ್ನು ಸಾಮಾನ್ಯರಿಗೂ ತಿಳಿಯುವಂತೆ ಹೇಳುವ ಕಲೆ ಇವರಿಗೆ ಸಿದ್ಧಿಸಿದೆ' ಎಂದು ಕೊನೆಯಲ್ಲಿ ಒಂದು ಸಾಲು ಬೇರೆ. ನೀರು ಇವಳದ್ದು, ಹೆಸರು ಅವಳದ್ದು ಎಂದೆನಲ್ಲ!

ಊರಿನ ವರ್ತಕರು ಸನ್ಮಾನ ಇಟ್ಟುಕೊಂಡರು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳಾಗಿ ಬಂದಿದ್ದ ಮುಖಂಡರು ಮೈಕು ಹಿಡಿದು, "ನಮ್ಮ ತಾಲ್ಲೂಕು ಅಭಿವೃದ್ಧಿಯಲ್ಲಿ ಬಸವನಹುಳುವಿನಂತೆ ಮುನ್ನುಗ್ಗುತ್ತಿದೆ!" ಎಂದು ಗುಡುಗಿದರು. ಜನ ಮೊದಲು ಚಪ್ಪಾಳೆ ತಟ್ಟಿ ಆಮೇಲೆ ಯೋಚಿಸಿದರು. ಕೊನೆಗೆ ಇವಳ ಸರದಿ. ಪೇಟ ಕಣ್ಣಿನವರೆಗೆ ಇಳಿದಿತ್ತು. ಮೈಕಿನ ಮುಂದೆ ನಿಂತು ಸ್ವಲ್ಪ ಹೊತ್ತು ಬೆವರಿದಳು. ಆಮೇಲೆ ಹೇಳಿದಳು: "ಬಸವನಹುಳುವಿಗೆ ಬೆನ್ನುಮೂಳೆ ಇಲ್ಲ. ಆದರೂ ಎಷ್ಟು ಎತ್ತರ ಬೇಕಾದರೂ ಹತ್ತುತ್ತದೆ. ನಮಸ್ಕಾರ." ಬಂದು ಕೂತುಬಿಟ್ಟಳು. ವೇದಿಕೆಯ ಮೇಲಿದ್ದ ಮುಖಂಡರ ಮುಖ ಕಪ್ಪಿಟ್ಟಿತು. ಸಭೆಯಲ್ಲಿ ಶಿಳ್ಳೆಯೋ ಶಿಳ್ಳೆ! ಅವಳಿಗೆ ಶಿಳ್ಳೆ ಯಾಕೆಂದು ಇವತ್ತಿಗೂ ಗೊತ್ತಿಲ್ಲ.

ಅದರ ಮರುದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಅವಳು ಎರಡು ಲೋಟ ಕಾಫಿ ಹಿಡಿದು ಬಂದಳು. ಅವಳೇ ಮಾಡಿದ್ದು ಎಂದು ಬಣ್ಣದಲ್ಲೇ ತಿಳಿಯುತ್ತಿತ್ತು.

"ಅಕ್ಕ, ನಿಮಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಲ್ವಾ?"

ಕೈಯಲ್ಲಿದ್ದ ಸೀರೆ ನೀರಿಗೆ ಬಿತ್ತು. "ಯಾರೇ ಹಾಗಂದಿದ್ದು?"

"ಯಾರೂ ಅಂದಿಲ್ಲ. ನಾನೇ ನೋಡ್ತಿರ್ತೀನಲ್ಲ." ಹುಳುವಿನ ಅಂಗಾಲಿನ ಅಲೆ ಕಾಣುವವಳಿಗೆ ನನ್ನ ಮುಖ ಕಾಣದೇ ಇರುತ್ತದೆಯೇ! ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದಳು: "ನನಗೂ ನಿಮ್ಮ ಮೇಲೆ ಹೊಟ್ಟೆಕಿಚ್ಚು ಅಕ್ಕ."

ನಿಮ್ಮಲ್ಲಿ ಮುಚ್ಚಿಡುವುದೇನು, ಆ ಮಾತು ಕಿವಿಗೆ ಬಿದ್ದದ್ದೇ ನನಗೆ ಎಲ್ಲಿಲ್ಲದ ಸಂತೋಷವಾಯಿತು. ಪ್ರಶಸ್ತಿ ಬಂದವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಯಾವುದಕ್ಕೆ? ನನ್ನ ಹಲ್ವಕ್ಕೋ, ಮೊಳಕಾಲು ಮುಟ್ಟುವ ಜಡೆಗೋ? ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಕಾದೆ.

"ಅತ್ತೆ ನಿಮ್ಮನ್ನ ಬಯ್ತಾರಲ್ಲ, ಅದಕ್ಕೆ."

"ಏನಂದೆ?"

"ನಿಮಗೆ ಉಪ್ಪಿಗೆ ಬಯ್ತಾರೆ, ಬಾಗಿಲು ಹಾಕ್ದಿದ್ರೆ ಬಯ್ತಾರೆ, ತಡವಾಗಿ ಊಟ ಮಾಡಿದ್ರೂ ಬಯ್ತಾರೆ. ನಾನು ಸಕ್ಕರೆ ಇಲ್ಲದ ಅಗಾರ್ ಕೊಟ್ರೂ ತಂಪಾಗಿದೆ ಅಂದ್ರು. ಹಾಸ್ಟೆಲ್‌ಗೆ ಹುಡುಗೀರ ಅಮ್ಮಂದಿರು ಬರ್ತಿದ್ರು ಅಕ್ಕ. ಬಂದ ತಕ್ಷಣ ಎಷ್ಟು ಸೊರಗಿದ್ದೀಯ, ಎಣ್ಣೆ ಹಾಕಲ್ವಾ ತಲೆಗೆ ಅಂತ ಬಯ್ಯೋಕೆ ಶುರು. ನಾನು ಮಂಚದ ಮೇಲೆ ಕೂತು ಪುಸ್ತಕ ಹಿಡ್ಕೊಂಡು ಅದನ್ನೇ ಕೇಳ್ತಾ ಇರ್ತಿದ್ದೆ. ನನಗೆ ಬಂದೋರೆಲ್ಲ ತುಂಬ ಮರ್ಯಾದೆಯಿಂದ ಮಾತಾಡ್ಸೋರು. ಇಲ್ಲಿ ಅತ್ತೆಯೂ ಹಾಗೇ, ನಾನು ಯಾವುದೋ ನೆಂಟರ ಹುಡುಗಿ ಅನ್ನೋ ಹಾಗೆ." ಅಷ್ಟು ಹೇಳಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ನಾನು ನೀರಿಗೆ ಬಿದ್ದ ಸೀರೆಯನ್ನೆತ್ತಿ ಹಿಂಡಿ ಹರವಿದೆ. ಆಮೇಲೆ ನೇರವಾಗಿ ಅತ್ತೆಯ ಹತ್ತಿರ ಹೋದೆ.

"ಅತ್ತೆ, ಅವಳನ್ನ ಒಂದ್ಸಲ ಬಯ್ರಿ."

"ಯಾಕೆ? ಅವಳ್ ಯಾನ ಮಾಡವ್ಳೆ?"

"ಏನೂ ಇಲ್ಲ, ಸುಮ್ನೆ."

"ಕಾರಣ ಇಲ್ದೆ ಬಯ್ಯಾಕೆ ನನ್ಗೇನ್ ಮಳ್ಳಾ?"

"ನನ್ನನ್ನ ಬಯ್ಯಲ್ವಾ ಕಾರಣ ಇಲ್ದೆ?"

"ನಿಂಗೆ ಕಾರಣ ಯಾವಾಗ್ಲೂ ಇದ್ದೇ ಇರ್ತದೆ" ಎಂದರು. ಆಮೇಲೆ ಮೊರ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದರು: "ತಾಯಿಲ್ದ ಮಗ ಕನೇ. ಬಯ್ಯಾಕೆ ನಾಲ್ಗೆ ಏಳಾಕಿಲ್ಲ."

ಆದರೂ ನನ್ನ ಕಾಟ ತಡೆಯಲಾರದೆ ಒಂದು ದಿನ ಪ್ರಯತ್ನ ಮಾಡಿದರು. ಅವಳು ಕಿಟಕಿಯ ಮೇಲಿನ ಜೇಡವನ್ನು ನೋಡುತ್ತ ನಿಂತು ಒಲೆಯ ಮೇಲಿನ ಹಾಲೆಲ್ಲ ಉಕ್ಕಿಸಿದ್ದಳು. ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗುತ್ತದೆ? ನಾನು ಅತ್ತೆಯನ್ನು ಬೆನ್ನು ತಟ್ಟಿ ಅಡುಗೆಮನೆಗೆ ಕಳಿಸಿ ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ಗಂಟಲು ಸರಿಮಾಡಿಕೊಂಡರು. ಸೆರಗು ಸಿಕ್ಕಿಸಿದರು. "ಏನೇ!" ಎಂದರು. ಅವಳು ಥಟ್ಟನೆ ತಿರುಗಿ, ಕಣ್ಣಲ್ಲಿ ಆಸೆ ತುಂಬಿಕೊಂಡು ನೋಡಿದಳು. ಅತ್ತೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿಬಿಟ್ಟರು.

"ಏನೇ... ಯಾನೂ ಇಲ್ಲ ಕನವ್ವ. ಆಲು ತಾನೆ? ಉಕ್ಕಿದ್ರೆ ಒಳ್ಳೇದೇ ಆಯ್ತದೆ" ಎಂದವರೇ ಹೊರಗೆ ಬಂದು, ನನ್ನನ್ನು ಕಂಡು, "ಇಲ್ ನಿಂತ್ಕಂಡು ಯಾನ ನೋಡಿಯೇ ಕಂಡೋರಂಗೆ? ಒಲೆ ಒರ್ಸಕ್ಕೆ ನಿಮ್ಮಪ್ಪ ಬತ್ತಾನಾ ನರಸೀಪುರದಿಂದ?" ಎಂದು ಗದರಿದರು. ಅವಳಿಗೆಂದು ಹದಮಾಡಿಟ್ಟಿದ್ದ ಬೈಗುಳವೂ ನನಗೇ ಬಂತು. ಅವಳು ಒಳಗಿನಿಂದ ನನ್ನನ್ನು ನೋಡಿದ ನೋಟವಿತ್ತಲ್ಲ, ಪ್ರಶಸ್ತಿಯ ದಿನ ನಾನು ಅವಳನ್ನು ನೋಡಿದ್ದೂ ಹಾಗೆಯೇ ಇದ್ದಿರಬೇಕು.

ಆ ಮಳೆಗಾಲದಲ್ಲಿ ಹೊಳೆಯ ಮೇಲ್ಭಾಗದ ಕಬಿನಿ ಅಣೆಕಟ್ಟೆ ತುಂಬಿ ನೀರು ಬಿಟ್ಟರು. ಕಪಿಲೆ ಕೆಂಪಗೆ ಉಕ್ಕಿ ಸ್ನಾನಘಟ್ಟದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಿದ್ದಳು. ಊರಿನವರೆಲ್ಲ ದೂರದಲ್ಲಿ ನಿಂತು ನೋಡಿಕೊಂಡು ಬರುತ್ತಿದ್ದರು. ಓರಗಿತ್ತಿಯ ಲ್ಯಾಬಿಗೆ ಅಂದು ರಜೆ. ನೀರು ಏರುವಾಗ ಹುಳುಗಳೂ ಮೇಲಿನ ಮೆಟ್ಟಿಲಿಗೆ ಹತ್ತಿಕೊಂಡು ಬರುತ್ತವೆ ಎಂದು ಅವಳ ಲೆಕ್ಕ. "ಇಲ್ಲೇ ಹೋಗಿ ಬರ್ತೀನಿ ಅಕ್ಕ" ಎಂದಳು. ನಾನು ರೊಟ್ಟಿ ತಟ್ಟುತ್ತಿದ್ದವಳು ಹೂಂ ಎಂದೆ.

ಎರಡನೆಯ ರೊಟ್ಟಿ ಕಾವಲಿಯ ಮೇಲಿರುವಾಗ ಬೀದಿಯಲ್ಲಿ ಗದ್ದಲ ಕೇಳಿತು. ಹೊಳೆ ನೋಡಲು ಹೋಗಿದ್ದ ನಮ್ಮ ಬೀದಿಯ ಹೆಂಗಸರು ಅವಳನ್ನು ತೋಳು ಹಿಡಿದು ಕರೆದುಕೊಂಡು ಬರುತ್ತಿದ್ದರು. ತಲೆಯಿಂದ ಕಾಲಿನವರೆಗೆ ಕೆಂಪು ನೀರು ಸುರಿಯುತ್ತಿತ್ತು. ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಮಂಡಿ ತರಚಿ ರಕ್ತ ಬರುತ್ತಿತ್ತು. ಮೆಟ್ಟಿಲು ಜಾರಿ ಸೊಂಟದವರೆಗೆ ನೀರಿಗೆ ಹೋಗಿದ್ದಳಂತೆ. ಸೆಳವು ಎಳೆಯುವಷ್ಟರಲ್ಲಿ ಇವರು ಜಡೆ ಹಿಡಿದು, ಸೆರಗು ಹಿಡಿದು ಮೇಲಕ್ಕೆ ಎಳೆದರಂತೆ. ನನ್ನ ಕಾಲು ನೆಲಕ್ಕೆ ಅಂಟಿಹೋಯಿತು.

ಅಕ್ಕಿ ಆರಿಸುತ್ತಿದ್ದ ಅತ್ತೆ ಎದ್ದರು. ಮೊರ ಉರುಳಿ ಅಕ್ಕಿಯೆಲ್ಲ ಚೆಲ್ಲಿತು. ಅಕ್ಕಿಯ ಮೇಲೆಯೇ ನಡೆದುಕೊಂಡು ಬಂದರು.

"ಲೇ ಮೂದೇವಿ! ಕಣ್ಣು ಕಾಣಾಕಿಲ್ವಾ ನಿಂಗೆ? ಊರಿಗೂರೇ ದೂರ ನಿಂತ್ಕಂಡು ಕೈಮುಗ್ದು ಬತ್ತಾ ಅದೆ, ಇವಳೊಬ್ಳು ಒಳೆಗೇ ಇಳ್ದು ಉಳ ಎತ್ತಾಕ್ ಓಗವ್ಳೆ! ಅಷ್ಟ್ ಓದಿ ಯಾನೇ ಕಲ್ತೆ ನೀನು? ನೀ ಒಂಟೋಗಿದ್ರೆ ಆ ಬಿರ್ದ ನಾನು ಗೋಡೆಗ್ ತಗ್ಲಾಕಂಡು ದಿನಾ ಊ ಮುಡ್ಸಬೇಕಿತ್ತಾ? ಯೋಳೇ! ನಿಮ್ಮವ್ವ ಇದ್ದಿದ್ರೆ ಇವತ್ತು ಬೆನ್ಮೇಲೆ ಎರಡು ಬಿಟ್ಟಿರೋಳು!"

ಹಾಗೆಂದವರೇ ಬೆನ್ನಿನ ಮೇಲೆ ಎರಡು ಬಿಟ್ಟರು. ಒದ್ದೆ ಸೀರೆಯ ಮೇಲೆ ಏಟು ಫಟ್ ಫಟ್ ಎಂದಿತು.

"ಕೇಳೋರಿಲ್ಲ ಅಂದ್ಕಂಡಿದ್ದಾ? ನಾನಿನ್ನೂ ಸತ್ತಿಲ್ಲ ಕನೇ!"

ಓರಗಿತ್ತಿ ಕಣ್ಣರಳಿಸಿ ನೋಡುತ್ತಿದ್ದಳು. ಅತ್ತೆ ತಮ್ಮ ಸೆರಗು ತೆಗೆದು ಅವಳ ತಲೆಯನ್ನು ಪಾತ್ರೆ ಉಜ್ಜುವ ಹಾಗೆ ಉಜ್ಜತೊಡಗಿದರು. ಉಜ್ಜುತ್ತ ಬೈದರು, ಬೈಯುತ್ತ ಉಜ್ಜಿದರು. ಎಂಥೆಂಥ ಮಾತು! ಎಂಥ ಗಾದೆ! ನಾನು ಬಂದಾಗಿನಿಂದ ತಿಂದ ಬೈಗುಳಗಳನ್ನೆಲ್ಲ ಒಟ್ಟು ಸೇರಿಸಿದರೂ ಅವುಗಳಲ್ಲಿ ಈ ಬಿಸಿ ಇರಲಿಲ್ಲ. ನಿಂತಲ್ಲೇ ನನ್ನ ಹೊಟ್ಟೆ ಮತ್ತೊಮ್ಮೆ ಉರಿಯಿತು, ದೇವರಾಣೆಗೂ!

ಅತ್ತೆಗೆ ಆಗ ನಾನು ಕಂಡೆ.

"ಬಾರೇ ಇಲ್ಲಿ ನೀನು! ಕಂಬದಂಗೆ ನಿಂತವ್ಳೆ ನೋಡು! ಇವಳಿಗಂತೂ ಬುದ್ಧಿಲ್ಲ, ದೊಡ್ಡೋಳು ನೀನು, ಒಬ್ಳನ್ನೇ ಒಳೆಗ್ ಕಳ್ಸಿ ರೊಟ್ಟಿ ತಟ್ಕಂಡ್ ಕೂತಿದ್ಯಲ್ಲ, ನಿಂಗಾದ್ರೂ ಬ್ಯಾಡ್ವಾ?"

ಹೋಗಿ ಅವಳ ಪಕ್ಕದಲ್ಲಿ ನಿಂತೆ. ಪಾಠ ಒಪ್ಪಿಸದ ಶಾಲೆಯ ಹುಡುಗಿಯರ ಹಾಗೆ ಇಬ್ಬರೂ ತಲೆ ತಗ್ಗಿಸಿಕೊಂಡೆವು. ಒಳಗೆ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಹೋಗಿ ತೆಗೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಓರೆಗಣ್ಣಿನಲ್ಲಿ ನೋಡಿದೆ. ಅವಳು ಬಿಕ್ಕುತ್ತಿದ್ದಳು, ಆದರೆ ಬಾಯಿ ಕಿವಿಯವರೆಗೆ ಅಗಲವಾಗಿತ್ತು. ತಣ್ಣಗಿದ್ದ ಅವಳ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು.

ತಲೆಯೆತ್ತಿ ಅತ್ತೆಯನ್ನು ನೋಡಿದೆ. ಅವರ ಕಣ್ಣಲ್ಲೂ ನೀರು ಧಾರೆಯಾಗಿ ಇಳಿಯುತ್ತಿತ್ತು. ಬೈಯುವುದನ್ನು ಮಾತ್ರ ಇನ್ನೂ ನಿಲ್ಲಿಸಿರಲಿಲ್ಲ.